ಬಿಳಿಜೋಳದ ನಾಡೂ ಆಹಾರವಿಜ್ಞಾನದ ಸ್ನಾತಕೋತ್ತರ ಸಂಶೋಧನೆಯೂ

(ಸಿಂದಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಅನ್ನದಾನವನ್ನೂ ವಿದ್ಯಾದಾನವನ್ನೂ ನಮ್ಮ ಹಿರಿಯರು ಎರಡು ಪುಣ್ಯಕಾರ್ಯಗಳೆಂದು ಬೇರೆಬೇರೆಯಾಗಿ ಕೊಂಡಾಡಿದ್ದಾರೆ. ಅನ್ನವೇ ವಿದ್ಯೆಯ ವಿಷಯವಾಗುವ ಒಂದು ಶಾಸ್ತ್ರವನ್ನು ಕುರಿತು, ದಾಸೋಹದ ಆದರ್ಶವನ್ನು ಲೋಕಕ್ಕೆ ಸಾರಿದ ಬಸವಣ್ಣನವರ ಜನ್ಮಸೀಮೆಯಲ್ಲಿ, ಈ ದತ್ತಿಯ ವೇದಿಕೆಯಿಂದ ಮಾತನಾಡುವ ಅವಕಾಶವು ಒದಗಿಬಂದುದು ನನ್ನ ಭಾಗ್ಯವೆಂದು ತಿಳಿದಿದ್ದೇನೆ. ತಾವು ಗಳಿಸಿದ ದ್ರವ್ಯದಲ್ಲಿ ಒಂದಂಶವನ್ನು ಮೂಲನಿಧಿಯಾಗಿಟ್ಟು, ಅದರ ಬಡ್ಡಿಯು ವರ್ಷವರ್ಷವೂ ಜ್ಞಾನಪ್ರಸಾರಕ್ಕೆ ಸಲ್ಲಲೆಂದು ಸಂಕಲ್ಪಿಸಿದವರಿಗೆ, ಅಂತಹ ಸಂಕಲ್ಪವನ್ನು ತಪ್ಪದೆ ನಡೆಯಿಸಿಕೊಂಡು ಬರುತ್ತಿರುವವರಿಗೆ, ಮೊದಲಿಗೆ ನನ್ನ ವಂದನೆಗಳನ್ನು ಸಲ್ಲಿಸುತ್ತೇನೆ.

ವಿಜ್ಞಾನದ ಪದವಿಯನ್ನು ಮುಗಿಸುವ ಹಂತದಲ್ಲಿರುವ ಅನೇಕ ತರುಣತರುಣಿಯರು ಈ ಸಭೆಯಲ್ಲಿದ್ದಾರೆ. ಮುಂದೆ ಏನನ್ನು ಓದಬೇಕು ಎಂಬ ಪ್ರಶ್ನೆಯು ಅವರನ್ನೂ ಅವರ ತಂದೆತಾಯಿಗಳನ್ನೂ ಕಾಡುತ್ತಿರುವ ಸಮಯವಿದು. ಆಹಾರವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು, ಅದರಲ್ಲಿಯೂ ಸಂಶೋಧನೆಗೆ ಪ್ರಾಧಾನ್ಯವುಳ್ಳ ವ್ಯಾಸಂಗವನ್ನು, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂಬ ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಏಕೆ ಕೈಗೊಳ್ಳಬೇಕು, ಕೈಗೊಂಡರೆ ಯಾವ ಪ್ರಶ್ನೆಗಳನ್ನು ಹಿಡಿದು ಹೊರಡಬೇಕು ಎಂಬುದೇ ಇಂದಿನ ನನ್ನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸ್ನಾತಕೋತ್ತರ ಸಂಶೋಧನೆಗೆ ಬೇಕಾದ ಪ್ರಶ್ನೆಗಳನ್ನು ಅರಸಿಕೊಂಡು ಈ ಸೀಮೆಯ ವಿದ್ಯಾರ್ಥಿಯು ದೂರ ಹೋಗಬೇಕಾಗಿಲ್ಲ, ಅವು ಅವನ ಮನೆಯ ಒಲೆಯ ಬಳಿಯಲ್ಲಿಯೂ, ಹೊಲದ ಕಣದಲ್ಲಿಯೂ, ತೋಟದ ಲಿಂಬೆಯ ಗಿಡದಡಿಯಲ್ಲಿಯೂ ಇವೆ. ಆ ಪ್ರಶ್ನೆಗಳಿಗೆ ಉತ್ತರವನ್ನು ಪಡೆಯುವ ವಿಧಾನವನ್ನು ಕಲಿಯುವುದಕ್ಕಾಗಿ ಮಾತ್ರ ಅವನು ವಿಶ್ವವಿದ್ಯಾಲಯಕ್ಕೆ ಹೋಗಬೇಕು.

ಆಹಾರವಿಜ್ಞಾನವೆಂದರೆ ಅಡುಗೆಯ ವಿದ್ಯೆಯೆಂದು ತಿಳಿಯುವವರು ಇಂದಿಗೂ ಉಂಟು. ಪಾಕಶಾಸ್ತ್ರವು ಗೌರವಾರ್ಹವಾದ ಕಲೆಯೇ ಸರಿ. ಆದರೆ ನಾವು ಹೇಳತಕ್ಕ ಶಾಸ್ತ್ರವು ಅದಕ್ಕಿಂತ ವಿಶಾಲವಾದ ಕ್ಷೇತ್ರವನ್ನುಳ್ಳದ್ದು. ಬೆಳೆಯು ಕಣಕ್ಕೆ ಬಂದ ಗಳಿಗೆಯಿಂದ ಹಿಡಿದು ಉಂಡ ತುತ್ತು ಜೀರ್ಣವಾಗಿ ರಕ್ತಗತವಾಗುವವರೆಗೆ ಆಹಾರದ್ರವ್ಯದಲ್ಲಿ ಏನೇನು ಪರಿವರ್ತನೆಗಳಾಗುತ್ತವೆ, ಅವುಗಳಲ್ಲಿ ಹಿತಕರವಾದವನ್ನು ಹೇಗೆ ಪೋಷಿಸಬೇಕು, ಅಹಿತಕರವಾದವನ್ನು ಹೇಗೆ ತಡೆಯಬೇಕು ಎಂಬುದು ಅದರ ವಿಚಾರ. ಪಿಷ್ಟ, ಸಸಾರಜನಕ, ಮೇದಸ್ಸುಗಳ ಸ್ವಭಾವವನ್ನು ತಿಳಿಯಲು ರಸಾಯನಶಾಸ್ತ್ರ ಬೇಕು. ಹುಳಿಯುವಿಕೆ ಕೊಳೆಯುವಿಕೆಗಳನ್ನು ತಿಳಿಯಲು ಸೂಕ್ಷ್ಮಜೀವಿಶಾಸ್ತ್ರ ಬೇಕು. ಒಣಗಿಸುವ, ಬೀಸುವ, ತಣಿಸುವ ಯಂತ್ರಗಳನ್ನು ಯೋಜಿಸಲು ಎಂಜಿನಿಯರಿಂಗ್ ಬೇಕು. ದೇಹಕ್ಕೆ ಸಲ್ಲುವುದೆಷ್ಟೆಂದು ಅಳೆಯಲು ಪೋಷಣಶಾಸ್ತ್ರ ಬೇಕು. ಇಷ್ಟು ಶಾಸ್ತ್ರಗಳು ಒಂದೇ ತಟ್ಟೆಯ ಸುತ್ತ ಕೂಡುವುದರಿಂದಲೇ ಈ ವ್ಯಾಸಂಗವು ಕಠಿಣವೂ ಆಗಿದೆ, ರಮ್ಯವೂ ಆಗಿದೆ.

ನಮ್ಮ ದೇಶದಲ್ಲಿ ಇದರ ಚರಿತ್ರೆಯು ಬಹಳ ಹಿಂದಿನದಲ್ಲ. ೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗವನ್ನು ಕುರಿತು ಒಂದು ಕೊಠಡಿಯಲ್ಲಿ ಆರಂಭಿಸಿದ ವಿಚಾರಣೆಯೇ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಬಂದು ನೆಲೆಸಿ, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ೧೯೫೦ರ ಅಕ್ಟೋಬರ್ ೨೧ರಂದು ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಪ್ರಾರಂಭವಾಯಿತು, ವಿ. ಸುಬ್ರಹ್ಮಣ್ಯನ್ ಅವರು ಅದರ ಪ್ರಥಮ ನಿರ್ದೇಶಕರು. ಅರಮನೆಯೊಂದು ಜನಸಾಮಾನ್ಯರ ಅನ್ನವನ್ನು ಪರೀಕ್ಷಿಸುವ ಪ್ರಯೋಗಾಲಯವಾಗಿ ಮಾರ್ಪಟ್ಟುದು ಸ್ವತಂತ್ರಭಾರತದ ಒಂದು ಶುಭಸೂಚನೆಯೆಂದೇ ಹೇಳಬೇಕು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಅಧಿಕ, ಅದರ ಗಡ್ಡೆ ಗಟ್ಟಿ, ಆದುದರಿಂದ ಹಸುಗೂಸುಗಳಿಗೆ ಅದು ಸಲ್ಲದೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಆ ದೋಷಗಳನ್ನು ನಿವಾರಿಸಿ ಅದೇ ಹಾಲಿನಿಂದ ಶಿಶುಆಹಾರವನ್ನು ಸಿದ್ಧಪಡಿಸಬಹುದೆಂದು ಅಲ್ಲಿಯ ವಿಜ್ಞಾನಿಗಳು ತೋರಿಸಿಕೊಟ್ಟರು. ಶೇಂಗಾದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ಮೂರು ಪಾಲು, ಕಡಲೆಯ ಹಿಟ್ಟನ್ನು ಒಂದು ಪಾಲು ಕೂಡಿಸಿ, ಜೀವಸತ್ವಗಳನ್ನು ಸೇರಿಸಿ ಅವರು ಮಾಡಿದ ಬಹೂದ್ದೇಶ ಆಹಾರವು ಬಡಮಕ್ಕಳ ಸಸಾರಜನಕದ ಕೊರತೆಗೆ ಈ ದೇಶವೇ ಕಂಡುಕೊಂಡ ಉತ್ತರವಾಗಿತ್ತು.

೧೯೬೪ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ ಅದೇ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ತರಬೇತಿ ಕೇಂದ್ರವು ಸ್ಥಾಪಿತವಾಗಿ, ಆಹಾರ ತಂತ್ರಜ್ಞಾನದಲ್ಲಿ ಎರಡು ವರ್ಷಗಳ ಎಂ.ಎಸ್‌ಸಿ. ವ್ಯಾಸಂಗವು ನೆಲೆಗೊಂಡಿತು, ಏಷ್ಯಾ ಆಫ್ರಿಕಾಗಳ ದೇಶಗಳಿಂದ ವಿದ್ಯಾರ್ಥಿಗಳು ಮೈಸೂರಿಗೆ ಬಂದು ಓದಿ ಹೋದರು. ಸೈನಿಕರ ಆಹಾರವನ್ನು ಕುರಿತು ಸಂಶೋಧಿಸುವ ರಕ್ಷಣಾ ಪ್ರಯೋಗಾಲಯವೂ ೧೯೬೧ರಲ್ಲಿ ಅದೇ ನಗರದಲ್ಲಿ ಹುಟ್ಟಿತು. ಆದರೆ ಇಂದು ಸಿಂದಗಿಯ ವಿದ್ಯಾರ್ಥಿಯು ಮೈಸೂರಿನವರೆಗೆ ಹೋಗಲೇಬೇಕೆಂಬ ನಿರ್ಬಂಧವಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರವಿಜ್ಞಾನ ಮತ್ತು ಪೋಷಣೆಯ ವಿಭಾಗವುಂಟು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸಂಸ್ಕರಣೆ ಮತ್ತು ಆಹಾರ ಎಂಜಿನಿಯರಿಂಗ್ ವಿಭಾಗವುಂಟು. ನಮ್ಮ ವಿಜಯಪುರ ಜಿಲ್ಲೆಯಲ್ಲಿಯೇ, ೨೦೦೩ರಲ್ಲಿ ಸ್ಥಾಪಿತವಾಗಿ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯದಲ್ಲಿ, ಆಹಾರ ಸಂಸ್ಕರಣೆ ಮತ್ತು ಪೋಷಣೆಯ ಸ್ನಾತಕೋತ್ತರ ಅಧ್ಯಯನಕ್ಕೆ ಅವಕಾಶವುಂಟು. ಇಷ್ಟು ಸಮೀಪದಲ್ಲಿ ಇಷ್ಟು ಸೌಕರ್ಯವಿರುವುದು ಹಿಂದಿನ ತಲೆಮಾರಿನವರಿಗೆ ದೊರೆಯದ ಭಾಗ್ಯ.

ಸಂಶೋಧನಾಪ್ರಧಾನವಾದ ಪದವಿಯು ಹೇಗಿರುತ್ತದೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಭಾರತೀಯ ಕೃಷಿ ಸಂಶೋಧನ ಪರಿಷತ್ತು ಕೃಷಿ ವಿಶ್ವವಿದ್ಯಾಲಯಗಳಿಗಾಗಿ ರೂಪಿಸಿರುವ ಈಚಿನ ಪಠ್ಯಕ್ರಮದಲ್ಲಿ ಎಂ.ಎಸ್‌ಸಿ. ಪದವಿಗೆ ಒಟ್ಟು ೭೦ ಕ್ರೆಡಿಟ್‌ಗಳಿದ್ದು, ಅವುಗಳಲ್ಲಿ ೩೦ ಕೇವಲ ಪ್ರಬಂಧಸಂಶೋಧನೆಗೆ ಮೀಸಲಾಗಿವೆ. ಮೊದಲ ವರ್ಷದಲ್ಲಿ ಬಹುಮಟ್ಟಿಗೆ ಪಾಠಗಳು, ಪ್ರಯೋಗಗಳು, ಜೊತೆಗೆ ಸಂಖ್ಯಾಶಾಸ್ತ್ರ. ಒಬ್ಬ ಮಾರ್ಗದರ್ಶಕರೂ, ಅವರೊಡನೆ ಬೇರೆ ವಿಭಾಗಗಳ ವಿದ್ವಾಂಸರಿಂದ ಕೂಡಿದ ಸಲಹಾಸಮಿತಿಯೂ ವಿದ್ಯಾರ್ಥಿಗೆ ನೇಮಕವಾಗುತ್ತಾರೆ. ಅವರ ಮುಂದೆ ಅವನು ತನ್ನ ಸಂಶೋಧನೆಯ ರೂಪರೇಖೆಯನ್ನಿಟ್ಟು, ಆಕ್ಷೇಪಗಳಿಗೆ ಸಮಾಧಾನ ಹೇಳಿ, ಒಪ್ಪಿಗೆ ಪಡೆದು ಕೆಲಸಕ್ಕೆ ತೊಡಗುತ್ತಾನೆ. ಅಲ್ಲಿಯವರೆಗೆ ಅನ್ಯರು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದೇ ಬೆಳೆದ ಹುಡುಗನೋ ಹುಡುಗಿಯೋ, ಉತ್ತರವು ಯಾವ ಪುಸ್ತಕದಲ್ಲಿಯೂ ಇಲ್ಲದ ಪ್ರಶ್ನೆಯೊಂದನ್ನು ತಾನೇ ಕೇಳಬೇಕಾದ ಪ್ರಸಂಗವು ಆಗ ಪ್ರಾಪ್ತವಾಗುತ್ತದೆ. ಪದವಿಪತ್ರದ ನಿಜವಾದ ಬೆಲೆಯಿರುವುದು ಈ ಒಂದು ಪ್ರಸಂಗದಲ್ಲಿ.

ಪ್ರಶ್ನೆಯನ್ನು ಕೇಳುವುದೆಂದರೇನು ಎಂಬುದಕ್ಕೆ ನಮ್ಮ ರೊಟ್ಟಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಗೋದಿಯ ಹಿಟ್ಟಿಗೆ ನೀರು ಸೇರಿಸಿ ನಾದಿದರೆ ಅದರಲ್ಲಿರುವ ಗ್ಲುಟೆನ್ ಎಂಬ ಸಸಾರಜನಕವು ಎಳೆಯೆಳೆಯಾಗಿ ಹೆಣೆದುಕೊಂಡು ಕಣಕಕ್ಕೆ ಎಳೆದಷ್ಟೂ ಹಿಗ್ಗುವ ಗುಣವನ್ನು ಕೊಡುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಕಾಫಿರಿನ್ ಎಂಬ ಸಸಾರಜನಕವು ಸಣ್ಣ ಸಣ್ಣ ಕಣಗಳೊಳಗೆ ಬಿಗಿಯಾಗಿ ಅಡಕವಾಗಿದ್ದು, ನೀರಿನೊಡನೆ ಬೆರೆಯಲು ಒಲ್ಲದು. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗ ಅಂಚಿನಲ್ಲಿ ಸೀಳುತ್ತದೆ. ಇದನ್ನರಿತ ನಮ್ಮ ತಾಯಂದಿರು ಎಸರು ಕುದಿಸಿ, ಹಿಟ್ಟಿನ ನಡುವೆ ಕುಳಿ ಮಾಡಿ, ಅದರಲ್ಲಿ ಕುದಿಯುವ ನೀರನ್ನು ಸುರಿದು, ಮೊದಲು ಸೌಟಿನಿಂದ ತಿರುವಿ, ಕೈ ತಾಳುವಷ್ಟು ಆರಿದೊಡನೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಹಿಟ್ಟಿನಲ್ಲಿ ಸುಮಾರು ನೂರಕ್ಕೆ ೭೦ ಪಾಲು ಇರುವ ಪಿಷ್ಟದ ಒಂದು ಭಾಗವು ಆ ಕುದಿನೀರಿನ ಶಾಖಕ್ಕೆ ಉಬ್ಬಿ, ಒಡೆದು, ಅಂಟಾಗುತ್ತದೆ. ಜೋಳದ ಪಿಷ್ಟವು ಹೀಗೆ ಅಂಟಾಗುವುದು ೭೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಆದುದರಿಂದಲೇ ಉಗುರುಬೆಚ್ಚಗಿನ ನೀರು ಅಲ್ಲಿ ಕೆಲಸಕ್ಕೆ ಬಾರದು. ಅಂಟಾದ ಈ ಭಾಗವು ಅಂಟಾಗದ ಉಳಿದ ಭಾಗವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಟ್ಟಿಗೆ ಜಿಗಿ ಬಂದು, ಬಡಿದಷ್ಟೂ ರೊಟ್ಟಿಯು ಹರಿಯದೆ ಅಗಲವಾಗುತ್ತದೆ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರುವುದೂ ಕೇವಲ ರೂಢಿಯಲ್ಲ. ಒಣಹಿಟ್ಟು ಹತ್ತಿದ ಮೈಯನ್ನು ಅದು ಒದ್ದೆ ಮಾಡಿ, ಶಾಖಕ್ಕೆ ಒಂದು ಪೊರೆಯಂತೆ ಕೂಡಿಕೊಳ್ಳುವಂತೆ ಮಾಡುತ್ತದೆ. ಒಳಗಿನ ಉಗಿ ಹೊರಬರಲಾರದೆ ರೊಟ್ಟಿಯು ಉಬ್ಬುತ್ತದೆ.

ಇಷ್ಟನ್ನು ತಿಳಿದೊಡನೆ ಸಂಶೋಧನೆಯು ಮುಗಿಯಲಿಲ್ಲ. ಆಗಲೇ ಅದು ಆರಂಭವಾಗುತ್ತದೆ. ಪಿಷ್ಟದ ಎಷ್ಟು ಭಾಗವು ಅಂಟಾದರೆ ರೊಟ್ಟಿಯು ಉತ್ತಮವಾಗುತ್ತದೆ? ಹೊಸಜೋಳಕ್ಕೂ ವರ್ಷ ಕಳೆದ ಜೋಳಕ್ಕೂ ಈ ಪ್ರಮಾಣದಲ್ಲಿ ವ್ಯತ್ಯಾಸವುಂಟೇ? ಗಿರಣಿಯಲ್ಲಿ ಬೀಸುವಾಗ ಹಿಟ್ಟು ಅತಿಯಾಗಿ ಕಾದರೆ ಜಿಗಿಯು ಕುಂದುವುದೇ? ಬೀಸಿದ ಹಿಟ್ಟನ್ನು ಬಹಳ ದಿನ ಇಟ್ಟರೆ ರೊಟ್ಟಿ ಹರಿಯುತ್ತದೆಂದು ಮನೆಮನೆಯಲ್ಲಿ ಹೇಳುವ ಮಾತಿಗೆ ಪಿಷ್ಟವು ಕಾರಣವೋ ಮೇದಸ್ಸು ಕಾರಣವೋ? ಇವುಗಳಲ್ಲಿ ಒಂದೊಂದೂ ಒಂದೊಂದು ಪ್ರಬಂಧಕ್ಕೆ ಸಾಕಾಗುವ ವಸ್ತು. ಹೀಗೆ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಉಳಿದ ಅಂಶಗಳನ್ನೆಲ್ಲ ಸ್ಥಿರವಾಗಿಟ್ಟು, ಒಂದನ್ನು ಮಾತ್ರ ಬದಲಿಸುತ್ತ, ಪ್ರತಿಯೊಂದು ಅಳತೆಯನ್ನೂ ಪುನಃ ಪುನಃ ತೆಗೆದು, ಬಂದ ವ್ಯತ್ಯಾಸವು ನಿಜವಾದುದೋ ಆಕಸ್ಮಿಕವೋ ಎಂಬುದನ್ನು ಗಣಿತದಿಂದ ನಿಶ್ಚಯಿಸುವುದು ಸಂಶೋಧಕನ ಕರ್ತವ್ಯ. ರುಚಿಯ ಪರೀಕ್ಷೆಗೂ ಕ್ರಮವುಂಟು. ಅತ್ಯಂತ ಇಷ್ಟವೆಂಬುದರಿಂದ ಅತ್ಯಂತ ಅನಿಷ್ಟವೆಂಬುದರವರೆಗೆ ೯ ಹಂತಗಳುಳ್ಳ ಮಾಪಕವೊಂದನ್ನು ಅಮೆರಿಕದ ಸೈನ್ಯದವರು ಸಿಪಾಯಿಗಳ ಊಟಕ್ಕಾಗಿ ರೂಪಿಸಿದರು. ಅದೇ ಈಗ ಲೋಕವ್ಯಾಪಿಯಾಗಿದೆ. ಆದರೆ ಆ ಮಾಪಕವನ್ನು ಯಾರ ಕೈಯಲ್ಲಿ ಕೊಡಬೇಕೆಂಬುದು ಮುಖ್ಯ. ದಿನವೂ ರೊಟ್ಟಿಯುಂಡು ಬೆಳೆದವರು, ದಿನವೂ ರೊಟ್ಟಿ ಬಡಿಯುವವರು ತೀರ್ಪುಗಾರರ ಪಂಕ್ತಿಯಲ್ಲಿ ಕುಳಿತಾಗ ಮಾತ್ರ ಬಿಳಿಜೋಳದ ರೊಟ್ಟಿಯ ಪರೀಕ್ಷೆಯು ಪ್ರಮಾಣವಾಗುತ್ತದೆ.

ಇಂತಹ ತೀರ್ಪನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ ಜೋಳದ ಇತಿಹಾಸವೇ ಸಾಕ್ಷಿ. ೧೯೬೪ರಲ್ಲಿ ಸಿ.ಎಸ್.ಎಚ್.-೧ ಎಂಬ ಮೊದಲನೆಯ ಸಂಕರಣ ಜೋಳವು ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಇಳುವರಿಯು ಹೆಚ್ಚು, ಆದರೆ ಅದರ ರೊಟ್ಟಿಯ ಗುಣವನ್ನು ಉಂಬವರು ಮೆಚ್ಚಲಿಲ್ಲವಾದುದರಿಂದ ಪೇಟೆಯಲ್ಲಿ ಅದಕ್ಕೆ ನಾಡಜೋಳದ ಬೆಲೆ ಸಿಗಲಿಲ್ಲ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಡತಳಿಯಿಂದ ಆರಿಸಿ ತೆಗೆದ ಎಂ. ೩೫-೧, ಎಂದರೆ ನಮ್ಮ ರೈತರು ಮಾಲದಂಡಿ ಎಂದು ಕರೆಯುವ ತಳಿಯು, ಹಿಂಗಾರಿಯ ಯರಿಹೊಲದಲ್ಲಿ ಇಷ್ಟು ದಶಕಗಳಾದರೂ ತನ್ನ ಸ್ಥಾನವನ್ನು ಬಿಟ್ಟುಕೊಡದಿರಲು ಅದರ ರೊಟ್ಟಿಯ ರುಚಿಯೂ ಕಣಿಕೆಯ ಗುಣವೂ ದೊಡ್ಡ ಕಾರಣಗಳು. ಉಂಬವರ ಅಭಿರುಚಿಯೂ ವಿಜ್ಞಾನಕ್ಕೆ ವಿಷಯವೆಂಬುದನ್ನು ವಿದ್ವಾಂಸರು ತರುವಾಯ ಮನಗಂಡರು. ೧೯೮೧ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಳಿಯ ಪಟನ್‌ಚೆರುವಿನಲ್ಲಿ, ಇಕ್ರಿಸ್ಯಾಟ್ ಸಂಸ್ಥೆಯಲ್ಲಿ, ಜೋಳದ ಕಾಳಿನ ಗುಣವನ್ನೇ ಕುರಿತು ಅಂತರರಾಷ್ಟ್ರೀಯ ಗೋಷ್ಠಿಯೊಂದು ಸೇರಿತು. ಮೈಸೂರಿನ ಎಚ್.ಎಸ್.ಆರ್. ದೇಶಿಕಾಚಾರ್ಯರಂತಹವರು ಭಾರತೀಯ ಖಾದ್ಯಗಳಿಗೆ ಒಪ್ಪುವ ಜೋಳದ ಲಕ್ಷಣಗಳನ್ನು ಅಲ್ಲಿ ವಿವೇಚಿಸಿದರು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ತನ್ನ ಡೋಣಿ ಹೊಳೆಯನ್ನು ಕುರಿತು ನಾಣ್ನುಡಿಯನ್ನು ಕಟ್ಟಿದ ಈ ಸೀಮೆಯಿಂದ, ೧೯೩೩ರಷ್ಟು ಹಿಂದೆಯೇ ಒಣಬೇಸಾಯದ ಸಂಶೋಧನಾಕೇಂದ್ರವನ್ನು ಪಡೆದ ವಿಜಯಪುರದಿಂದ, ಆ ವಿವೇಚನೆಯನ್ನು ಮುಂದುವರಿಸುವ ವಿದ್ಯಾರ್ಥಿಗಳು ಹೊರಡುವುದು ನ್ಯಾಯವಷ್ಟೆ.

ಸ್ವದೇಶದ ಆಹಾರದ ಮೇಲಣ ಅಭಿಮಾನವು ಸತ್ಯವನ್ನು ಮರೆಮಾಡಬಾರದು ಎಂಬ ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಜೋಳವನ್ನು ಬೇಯಿಸಿದಾಗ ಅದರ ಸಸಾರಜನಕವು ಜೀರ್ಣರಸಕ್ಕೆ ಸುಲಭವಾಗಿ ಒಳಗಾಗುವುದಿಲ್ಲವೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜಾನ್ ಆಕ್ಸ್‌ಟೆಲ್ ಮೊದಲಾದವರು ೧೯೮೧ರಲ್ಲಿ ಪ್ರಕಟಿಸಿದರು. ಹುಳಿಬರಿಸಿದ ಹಿಟ್ಟಿನಲ್ಲಿ ಈ ದೋಷವು ಕಡಿಮೆಯೆಂಬುದೂ ಕಂಡುಬಂದಿತು. ನಮ್ಮ ಹುಳಿ ಅಂಬಲಿಯ ಬೆಲೆಯನ್ನು ಅಳೆಯಬಯಸುವ ವಿದ್ಯಾರ್ಥಿಗೆ ಇದೊಂದು ದಾರಿ. ಅದಕ್ಕೂ ಮೊದಲು, ೧೯೬೦ರಲ್ಲಿ, ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯನವರು ದಖ್ಖನಿನ ಬಡ ಜೋಳಾಹಾರಿಗಳಲ್ಲಿ ಕಾಣಿಸುತ್ತಿದ್ದ ಪೆಲಾಗ್ರಾ ರೋಗಕ್ಕೆ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶದ ಅತಿಶಯವು ಕಾರಣವಿರಬಹುದೆಂಬ ವಾದವನ್ನು ಮಂಡಿಸಿದರು. ಆ ವಾದವನ್ನು ಕೆಲವರು ಸಮರ್ಥಿಸಿದರು, ಕೆಲವರು ವಿರೋಧಿಸಿದರು, ಪ್ರಯೋಗಗಳ ಮೇಲೆ ಪ್ರಯೋಗಗಳು ನಡೆದುವು. ಜನರ ಮುಖ್ಯಾಹಾರವನ್ನೇ ಪ್ರಶ್ನಿಸುವ ಧೈರ್ಯ, ಹಾಗೆ ಪ್ರಶ್ನಿಸಿದುದನ್ನು ಮರುಪರೀಕ್ಷೆಗೆ ಒಡ್ಡುವ ವಿನಯ, ಇವೆರಡೂ ಕೂಡಿದಾಗಲೇ ವಿಜ್ಞಾನವು ಬೆಳೆಯುವುದು. ಬರಿಯ ಜೋಳವನ್ನು ಉಣ್ಣಬೇಕಾದ ಬಡವನ ತಟ್ಟೆಗೂ, ಜೋಳದೊಡನೆ ಬೇಳೆ, ಸೊಪ್ಪು, ಶೇಂಗಾದ ಹಿಂಡಿ, ಮೊಸರುಗಳಿರುವ ತಟ್ಟೆಗೂ ಇರುವ ಅಂತರವು ಎಷ್ಟೆಂಬುದನ್ನು ಈ ಚರ್ಚೆಯು ನಮಗೆ ತಿಳಿಸಿಕೊಟ್ಟಿತು.

ಇನ್ನೊಂದು ನಿದರ್ಶನವೆಂದರೆ ಹಗೇವು. ಊರಿನ ಗಟ್ಟಿನೆಲದಲ್ಲಿ ಆಳವಾಗಿ ತೋಡಿ, ಬಾಯಿಯನ್ನು ಕಿರಿದಾಗಿಟ್ಟು, ಒಳಮೈಗೆ ಹುಲ್ಲು ಕಣಿಕೆಗಳನ್ನು ಒತ್ತಿ, ಜೋಳವನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಬರಗಾಲದಲ್ಲಿಯೂ ಮನೆಯವರು ನಿಶ್ಚಿಂತೆಯಿಂದಿರುತ್ತಿದ್ದರು. ಇದರ ತತ್ತ್ವವು ಸರಳವಾದರೂ ಗಂಭೀರವಾದುದು. ಕಾಳಿಗೂ ಕಾಳಿನೊಳಗಿನ ಹುಳಕ್ಕೂ ಉಸಿರಾಟವುಂಟು. ಗಾಳಿಯಾಡದ ಗುಂಡಿಯಲ್ಲಿ ಅವೆರಡೂ ಆಮ್ಲಜನಕವನ್ನು ಬಳಸುತ್ತ ಹೋಗಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಆಮ್ಲಜನಕವು ನೂರಕ್ಕೆ ಎರಡುಮೂರು ಅಂಶಕ್ಕೆ ಇಳಿಯುವ ವೇಳೆಗೆ ಹುಳಗಳು ಬದುಕಲಾರದೆ ಹೋಗುತ್ತವೆ. ಹಗೇವನ್ನು ತೆರೆದೊಡನೆ ಯಾರೂ ಒಳಗಿಳಿಯಬಾರದು, ಕೆಲಕಾಲ ಗಾಳಿಗೆ ಬಿಟ್ಟು ದೀಪವನ್ನು ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಕಾಯಬೇಕು ಎಂಬ ಹಿರಿಯರ ಕಟ್ಟಳೆಗೆ ಇದೇ ಆಧಾರ. ಪರ್ಡ್ಯೂ ವಿಶ್ವವಿದ್ಯಾಲಯದವರು ಪಶ್ಚಿಮ ಆಫ್ರಿಕಾದ ಅಲಸಂದೆಯ ಬೆಳೆಗಾರರಿಗಾಗಿ ರೂಪಿಸಿದ, ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಮೂರು ಪದರಗಳ ಚೀಲವು ಇದೇ ತತ್ತ್ವದ ಮೇಲೆ ನಿಂತಿದೆ. ಔಷಧಿಯ ಪುಡಿಯನ್ನು ಬೆರೆಸದೆ ಕಾಳನ್ನು ಕಾಯುವ ಈ ಜ್ಞಾನವು ನಮ್ಮ ನೆಲದಲ್ಲಿ ಮೊದಲೇ ಇದ್ದಿತಾದರೂ, ಅದನ್ನು ಅಳೆದು, ಬರೆದು, ಸುಧಾರಿಸುವ ಕಾರ್ಯವು ನಮ್ಮಿಂದ ಆಗಬೇಕಾದಷ್ಟು ಆಗಲಿಲ್ಲ.

ಹಗೇವಿನ ಗೋಡೆಯಂಚಿನ ಕಾಳು ತೇವದಿಂದ ಬೂಷ್ಟು ಹಿಡಿಯುತ್ತಿತ್ತೆಂಬುದನ್ನು ಸಹ ಮರೆಯಲಾಗದು. ಬೂಷ್ಟಿನ ಅಪಾಯವು ಸಾಮಾನ್ಯವಾದುದಲ್ಲ. ೧೯೯೫ರಲ್ಲಿ ದಖ್ಖನಿನ ಕೆಲವು ಹಳ್ಳಿಗಳಲ್ಲಿ, ಸುಗ್ಗಿಯ ಕಾಲದ ಮಳೆಗೆ ನೆನೆದು ಕೆಟ್ಟ ಜೋಳವನ್ನೂ ಗೋವಿನಜೋಳವನ್ನೂ ಉಂಡ ಬಡಕುಟುಂಬಗಳವರು ಹೊಟ್ಟೆನೋವು ಭೇದಿಗಳಿಂದ ನರಳಿದರು. ಹೈದರಾಬಾದಿನ ಪೋಷಣ ಸಂಸ್ಥೆಯವರು ಪರೀಕ್ಷಿಸಿ, ಬೂಷ್ಟು ಉತ್ಪತ್ತಿಮಾಡುವ ಫ್ಯೂಮೊನಿಸಿನ್ ಎಂಬ ವಿಷವು ಅದಕ್ಕೆ ಕಾರಣವೆಂದು ಪ್ರಕಟಿಸಿದರು. ಕೆಟ್ಟುದೆಂದು ತಿಳಿದೂ ಅದನ್ನೇ ಉಣ್ಣಬೇಕಾದ ಬಡತನವು ಒಂದು ಕಡೆ. ಎಷ್ಟು ತೇವವಿದ್ದರೆ ಎಷ್ಟು ದಿನಕ್ಕೆ ಕಾಳು ಕೆಡುತ್ತದೆಂಬ ಜ್ಞಾನವು ಕಣದವರೆಗೆ ಮುಟ್ಟದಿರುವ ಕೊರತೆ ಇನ್ನೊಂದು ಕಡೆ. ಎರಡನೆಯದನ್ನು ತುಂಬುವುದು ಆಹಾರವಿಜ್ಞಾನಿಯ ಹೊಣೆ.

ಸಜ್ಜೆಯ ಹಿಟ್ಟು ಬೀಸಿದ ಕೆಲವೇ ದಿನಗಳಲ್ಲಿ ಕಮಟುವಾಸನೆ ಹಿಡಿದು ಕಹಿಯಾಗುವುದನ್ನು ಎಲ್ಲರೂ ಬಲ್ಲಿರಿ. ಆ ಕಾಳಿನಲ್ಲಿ ಮೇದಸ್ಸು ಅಧಿಕ. ಬೀಸಿದಾಗ ಅದರ ಲೈಪೇಸ್ ಎಂಬ ಕಿಣ್ವವು ಮೇದಸ್ಸಿನೊಡನೆ ಬೆರೆತು ಅದನ್ನು ಒಡೆಯುತ್ತದೆ. ಬೀಸುವ ಮುನ್ನ ಕಾಳನ್ನು ಕುದಿನೀರಿನಲ್ಲಿ ಅಲ್ಪಕಾಲ ಅದ್ದಿ ಒಣಗಿಸಿದರೆ ಕಿಣ್ವವು ನಿಷ್ಕ್ರಿಯವಾಗಿ ಹಿಟ್ಟು ಬಹುದಿನ ಬಾಳುತ್ತದೆಂದು ಪ್ರಯೋಗಗಳಿಂದ ತಿಳಿದಿದೆ. ಹಾಗೆ ಮಾಡಿದ ಹಿಟ್ಟಿನಿಂದ ಎಳ್ಳು ಹಚ್ಚಿದ ನಮ್ಮ ಸಜ್ಜೆರೊಟ್ಟಿ ಹಿಂದಿನಂತೆಯೇ ಆಗುವುದೇ ಎಂಬುದನ್ನು ನೋಡತಕ್ಕವರು ನಾವೇ. ಕಡಕ್ ರೊಟ್ಟಿಯನ್ನು ಮಾಡಿ ದೂರದ ಪಟ್ಟಣಗಳಿಗೆ ಕಳುಹಿಸಿ ಜೀವನ ಸಾಗಿಸುತ್ತಿರುವ ನಮ್ಮ ಸ್ತ್ರೀಶಕ್ತಿ ಸಂಘಗಳ ತಾಯಂದಿರಿಗೆ ಇಂತಹ ಸಂಶೋಧನೆಯಿಂದ ಆಗುವ ಉಪಕಾರವು ಅಪಾರ.

ಲಿಂಬೆಯ ವಿಷಯವನ್ನು ಬಿಟ್ಟರೆ ಇಂಡಿಯವರೂ ಸಿಂದಗಿಯವರೂ ನನ್ನನ್ನು ಕ್ಷಮಿಸಲಾರರು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಒಂದು ಕೃಷಿ ವಿಜ್ಞಾನ ಕೇಂದ್ರವೂ ಇಂಡಿಯಲ್ಲಿಯೇ ಇವೆ. ಬೇಸಿಗೆಯಲ್ಲಿ ಹಣ್ಣಿಗೆ ಒಳ್ಳೆಯ ಧಾರಣೆ. ಮಳೆಗಾಲದಲ್ಲಿ ಮಾಲು ಹೆಚ್ಚಾಗಿ ಬಂದಾಗ ಬಿಡಿಸಿದ ಕೂಲಿಯೂ ಹುಟ್ಟದ ಸ್ಥಿತಿ. ಅಗ್ಗದ ಕಾಲದಲ್ಲಿ ರಸವನ್ನು ಹಿಂಡಿ ಇಡೋಣವೆಂದರೆ ಅದು ಕೆಲವು ಗಂಟೆಗಳಲ್ಲಿ ಕಹಿಯಾಗುತ್ತದೆ. ಹಣ್ಣಿನ ತಿರುಳಿನಲ್ಲಿಯೂ ಬೀಜದಲ್ಲಿಯೂ ಕಹಿಯಿಲ್ಲದ ರೂಪದಲ್ಲಿರುವ ಒಂದು ದ್ರವ್ಯವು, ಹಿಂಡಿದಾಗ ರಸದ ಹುಳಿಯೊಡನೆ ಬೆರೆತು, ಲಿಮೊನಿನ್ ಎಂಬ ಕಹಿದ್ರವ್ಯವಾಗಿ ಮಾರ್ಪಡುವುದೇ ಇದಕ್ಕೆ ಕಾರಣ. ಹಿಂಡುವಾಗ ಬೀಜಕ್ಕೂ ಸಿಪ್ಪೆಗೂ ಎಷ್ಟು ಒತ್ತಡ ಬೀಳಬೇಕು, ಯಾವ ತಿಂಗಳಿನ ಹಣ್ಣಿನಲ್ಲಿ ಈ ದ್ರವ್ಯವು ಕಡಿಮೆ, ಸಣ್ಣ ಘಟಕವೊಂದು ಅಲ್ಪವೆಚ್ಚದಲ್ಲಿ ಇದನ್ನು ಹೇಗೆ ನಿವಾರಿಸಬಹುದು, ಉಳಿದ ಸಿಪ್ಪೆಯಿಂದ ಸುಗಂಧತೈಲವನ್ನು ತೆಗೆಯುವುದು ಲಾಭಕರವೇ ಎಂಬ ಪ್ರಶ್ನೆಗಳು ನಮ್ಮ ತೋಟಗಳಲ್ಲಿ ಉತ್ತರಕ್ಕಾಗಿ ಕಾದಿವೆ.

ಇಂತಹ ಕೆಲಸಕ್ಕೆ ಬೇಕಾದ ಮನೋಧರ್ಮವನ್ನು ಕಲಿಯಲು ಈ ಜಿಲ್ಲೆಯವರಿಗೆ ಹೊರಗಿನ ಗುರುವಿನ ಅಗತ್ಯವಿಲ್ಲ. ವಿಜಯಪುರದಲ್ಲಿ ವಕೀಲಿಯನ್ನು ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ತಾಳೆಯೋಲೆಗಳನ್ನು ಕೂಡಿಹಾಕಿ, ಪಾಠಗಳನ್ನು ಒಂದಕ್ಕೊಂದು ಹೋಲಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ತಮ್ಮ ಸರ್ವಸ್ವವನ್ನೂ ಆ ಕಾರ್ಯಕ್ಕೆ ಸವೆಸಿದರು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಹಾಡುವ ಗರತಿಯರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. ಆ ಗೆಳೆಯರು ಹಾಡನ್ನು ಬರೆದರು. ಅದೇ ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಜ್ಞಾನವನ್ನು ಬರೆಯುವ ಕೆಲಸ ಉಳಿದಿದೆ. ಶ್ರದ್ಧೆಯಿಂದ ಸಂಗ್ರಹಿಸುವುದು, ತಾನು ಬಯಸಿದ್ದನ್ನಲ್ಲದೆ ತನಗೆ ದೊರೆತುದನ್ನೇ ಬರೆಯುವುದು, ಜ್ಞಾನವನ್ನು ಕೊಟ್ಟವರನ್ನು ನೆನೆಯುವುದು, ಈ ಮೂರು ಗುಣಗಳು ಓಲೆಯ ಸಂಶೋಧನೆಗೆ ಹೇಗೋ ಹಿಟ್ಟಿನ ಸಂಶೋಧನೆಗೂ ಹಾಗೆಯೇ ಅವಶ್ಯ. ಎಣಿಸಿದ ಫಲ ಬಾರದಿದ್ದಾಗ ಅಂಕಿಗಳನ್ನು ತಿದ್ದುವುದು ಅನ್ನದ್ರೋಹಕ್ಕೆ ಸಮಾನವಾದ ಅಪರಾಧ. ಈ ಉಪಾಯದಿಂದ ಹಿಟ್ಟು ಬಾಳಲಿಲ್ಲವೆಂದು ಪ್ರಾಮಾಣಿಕವಾಗಿ ಬರೆದ ಪ್ರಬಂಧವೂ ಮುಂದಿನವನ ಎರಡು ವರ್ಷಗಳನ್ನು ಉಳಿಸುತ್ತದೆ.

ಕಷ್ಟಗಳ ವಿಷಯವನ್ನು ಮರೆಮಾಚಲಾರೆ. ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಇಂಗ್ಲಿಷಿನ ಗ್ರಂಥಗಳೂ ಲೇಖನಗಳೂ ಮೊದಲ ಕೆಲವು ತಿಂಗಳು ಭಾರವೆನಿಸುತ್ತವೆ. ಭಾಷೆಯ ಈ ತೊಡಕು ಅಭ್ಯಾಸದಿಂದ ಬಿಡಿಸಬಹುದಾದದ್ದು. ಬುದ್ಧಿಯ ಕೊರತೆಯೆಂದು ಅದನ್ನು ಭ್ರಮಿಸಿ ಹಿಂದೆಗೆಯುವುದು ಸರ್ವಥಾ ಕೂಡದು. ಹೆಣ್ಣುಮಗಳನ್ನು ಎರಡು ವರ್ಷ ಹೆಚ್ಚಾಗಿ ಓದಿಸಲು ಹಿಂಜರಿಯುವ ತಂದೆತಾಯಿಗಳಿಗೆ ನನ್ನ ವಿನಂತಿಯಿಷ್ಟೆ: ಎಸರಿನ ಹದವನ್ನು ಬಾಲ್ಯದಿಂದ ಕಂಡು ಬೆಳೆದ ನಿಮ್ಮ ಮಗಳಿಗೆ ಈ ಶಾಸ್ತ್ರದಲ್ಲಿ ಇರುವ ಪ್ರವೇಶವು ಅನ್ಯರಿಗೆ ಪುಸ್ತಕದಿಂದ ಬರಲಾರದು. ಉದ್ಯೋಗವೇನು ಎಂದು ಕೇಳುವುದೂ ಸಹಜ. ೨೦೦೬ರ ಆಹಾರ ಸುರಕ್ಷೆ ಮತ್ತು ಗುಣಮಟ್ಟ ಕಾಯಿದೆಯು ಬಂದ ಮೇಲೆ ಆಹಾರವನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿಯೂ, ಸರ್ಕಾರದ ಸೇವೆಯಲ್ಲಿಯೂ, ಕಾರ್ಖಾನೆಗಳಲ್ಲಿಯೂ ಈ ವಿದ್ಯೆಯನ್ನು ಬಲ್ಲವರಿಗೆ ಸ್ಥಾನಗಳಿವೆ. ಬೋಧನೆ, ಸಂಶೋಧನೆಗಳ ಮಾರ್ಗವೂ ತೆರೆದಿದೆ. ಸ್ವಂತ ಉದ್ಯಮವನ್ನು ಕಟ್ಟುವವನಿಗಂತೂ ತನ್ನ ಪ್ರಬಂಧವೇ ಬಂಡವಾಳವಾಗಬಲ್ಲುದು.

ಕಡೆಯದಾಗಿ ಮೂವರಲ್ಲಿ ನನ್ನ ಪ್ರಾರ್ಥನೆ. ಕಾಲೇಜುಗಳ ಅಧ್ಯಾಪಕರು ಪ್ರತಿವರ್ಷವೂ ತಮ್ಮ ವಿದ್ಯಾರ್ಥಿಗಳನ್ನು ಒಂದು ಗಿರಣಿಗೆ, ಒಂದು ಲಿಂಬೆಯ ಪೇಟೆಗೆ, ರೊಟ್ಟಿ ಮಾಡುವ ಒಂದು ಸಂಘಕ್ಕೆ ಕರೆದೊಯ್ದು, ಅಲ್ಲಿ ಹುಟ್ಟುವ ಪ್ರಶ್ನೆಗಳನ್ನು ಬರೆದಿಡುವ ಪದ್ಧತಿಯನ್ನು ಆರಂಭಿಸಲಿ. ದಾನಿಗಳಾದ ಮಹನೀಯರು, ಈ ಸೀಮೆಯ ಆಹಾರವನ್ನು ಕುರಿತು ಪ್ರಬಂಧ ಬರೆಯುವ ಬಡವಿದ್ಯಾರ್ಥಿಗಳ ಪ್ರಯೋಗದ ವೆಚ್ಚಕ್ಕೆ ಇಂತಹುದೇ ಒಂದು ದತ್ತಿಯನ್ನಿಡಲಿ. ವಿದ್ಯಾರ್ಥಿಗಳಾದ ನೀವು, ಪದವಿಯನ್ನು ಪಡೆದ ಮೇಲೆ, ನಿಮ್ಮ ಪ್ರಬಂಧದ ಸಾರವನ್ನು ಹತ್ತು ಪುಟಗಳ ತಿಳಿಗನ್ನಡದಲ್ಲಿ ಬರೆದು ನಿಮ್ಮ ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನೂ, ನಿಮಗೆ ಹಿಟ್ಟನ್ನೋ ಹಣ್ಣನ್ನೋ ಅನುಭವವನ್ನೋ ಕೊಟ್ಟವರಿಗೆ ಒಂದು ಪ್ರತಿಯನ್ನೂ ತಲುಪಿಸಿರಿ. ಈ ನೆಲದ ಜೋಳವನ್ನು ಉಂಡು ಬೆಳೆದವರು ಅದರ ಗುಣದೋಷಗಳನ್ನು ಅರಿತು ಲೋಕಕ್ಕೆ ತಿಳಿಸುವ ಕಾಲವು ಬಂದಿದೆ. ಆ ಕಾರ್ಯಕ್ಕೆ ನಿಮ್ಮಲ್ಲಿ ಕೆಲವರಾದರೂ ಈ ವರ್ಷವೇ ಹೊರಡಬೇಕೆಂದು ಕೇಳಿಕೊಂಡು, ನನ್ನ ಉಪನ್ಯಾಸವನ್ನು ಮುಗಿಸುತ್ತೇನೆ.